ಅಡ್ರೆಸ್ ಹಂಚುತ್ತಿದ್ದ ಮೇಡಂ

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರು ನಾನು ಕೆಲಸಕ್ಕಿದ್ದ, ಇಂಟರ್ನೆಟ್ ಕನೆಕ್ಷನ್ ಕೊಡುವ ಆಫೀಸಿನಲ್ಲಿ ಅಡ್ರೆಸ್ ಹಂಚುವ ಜವಾಬ್ದಾರಿ ಮೇಡಂ ಅವರದು. ಅಂಗಡಿಯ ಕ್ಯಾಮೆರಾವನ್ನು ಪರವೂರಿನಿಂದ ನೋಡಬೇಕೆಂದರೆ ಅದಕ್ಕೆ ಸ್ವಂತದ್ದೊಂದು ಇಂಟರ್ನೆಟ್ ಅಡ್ರೆಸ್, ಅಂದರೆ ಬೇರೆ ಯಾರಿಗೂ ಇಲ್ಲದ ಒಂದು ನಂಬರು ಬೇಕು. ಲೋಕಕ್ಕೆಲ್ಲ ಇದ್ದ ನಂಬರುಗಳು ಹಂಚಿ ಮುಗಿದು, ಹೊಸವು ಎಲ್ಲೂ ಸಿಗುತ್ತಿರಲಿಲ್ಲ. ನಮ್ಮಲ್ಲಿದ್ದವೂ ಮುಗಿಯುತ್ತ ಬಂದಿದ್ದವು. ಮೇಡಂ ದಿನಾ ಕನ್ನಡಕ ಹಣೆಗೇರಿಸಿ, ಯಾವುದು ಬಳಕೆಯಲ್ಲಿಲ್ಲವೆಂದು ಸ್ಕ್ರೀನಿನಲ್ಲಿ ಹುಡುಕುತ್ತಿದ್ದರು. ಕಿಟಕಿಯಾಚೆ ಶೃಂಗೇರಿ ಬಸ್ಸಿನೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರನ್ನು ತೋರಿಸಿ, "ಟವೆಲ್ ಹಾಕಿ ಟೀಗೆ ಹೋದವ್ರನ್ನ ಎಷ್ಟು ಹೊತ್ತು ಕಾಯೋದು ಮಾರಾಯ?" ಎನ್ನುತ್ತಿದ್ದರು.

ಒಮ್ಮೆ ನರಸಿಂಹರಾಜಪುರದ ಆಸ್ಪತ್ರೆಯೊಂದಕ್ಕೆ ತುರ್ತಾಗಿ ಅಡ್ರೆಸ್ ಬೇಕಾಯಿತು. ಅಲ್ಲಿಯ ಸ್ಕ್ಯಾನ್‌ಗಳನ್ನು ಶಿವಮೊಗ್ಗದ ಡಾಕ್ಟರು ಕೂತಲ್ಲೇ ನೋಡಬೇಕಿತ್ತು. ನಮ್ಮಲ್ಲಿ ಒಂದೂ ಉಳಿದಿರಲಿಲ್ಲ. ಆದರೆ ನಮ್ಮ ಆಫೀಸಿನ ಮಾಲೀಕರ ಮನೆ ಗೇಟಿನ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿತ್ತು. ಮೇಡಂ ಯಾರನ್ನೂ ಕೇಳದೆ ಅದರ ಅಡ್ರೆಸ್ ತೆಗೆದು ಆಸ್ಪತ್ರೆಗೆ ಕೊಟ್ಟರು.

ಕೆಲವು ದಿನಗಳ ನಂತರ ಮಾಲೀಕರು ಕ್ಯಾಮೆರಾ ರಿಪೇರಿ ಮಾಡಿಸಿದರು. ಫೋನಿನಲ್ಲಿ ಗೇಟು ಕಾಣಲಿಲ್ಲ. ಸೀದಾ ಆಫೀಸಿಗೆ ಬಂದು, "ಎಂತ ಮೇಡಂ, ನಂದನ್ನೇ ತೆಗೆಯೋದಾ?" ಎಂದು ಜೋರು ಮಾಡಿದರು.

ಮೇಡಂ ಸ್ಕ್ರೀನಿನಿಂದ ಕಣ್ಣು ಕದಲಿಸಲಿಲ್ಲ.

"ಸೀಟಲ್ಲಿ ನೀವಿರ್ಲಿಲ್ಲ ಸಾರ್. ಟವೆಲ್ ಮಾತ್ರ ಇತ್ತು."

ನಾನು ಎದ್ದು ನನ್ನ ಕುರ್ಚಿ ಸರಿಸಿಕೊಟ್ಟೆ. ಮಾಲೀಕರು ಕೂರಲಿಲ್ಲ.