ಉದಗೀರದ ರಸ್ತೆಯಲ್ಲಿ ಒಂದು ಮೈಲಿ

1955ರಲ್ಲಿ ನಾನು ಉಮರ್ಗಾದ ಗ್ಯಾರೇಜೊಂದರಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲೆ ಜಹಗೀರುದಾರರು ಮಾರಿಹೋದ ಹಳೆಯ ಕಾರುಗಳು ಸುತ್ತಲಿನ ಹಳ್ಳಿಗಳನ್ನು ಸೇರಿದ್ದವು. ಗುಂಜೋಟಿಯ ಗುರುಲಿಂಗಪ್ಪ ಪಾಟೀಲರ ಎಂಟು ಸಿಲಿಂಡರಿನ ಗಾಡಿಯೂ ಅಂಥದ್ದೇ.

ಆ ವರ್ಷ ಜೋಳದ ರಾಶಿ ಮುಗಿಯುತ್ತಲೇ ಉದಗೀರದ ಹತ್ತಿ ಗಿರಣಿಯ ಮಾಲೀಕ ಮಾಧವರಾಯರು ಪಾಟೀಲರಿಗೆ ಸವಾಲು ಹಾಕಿದರು. ಉದಗೀರದಿಂದ ದೇವಣಿ ಕಡೆಗೆ ಹೋಗುವ ನೇರ ರಸ್ತೆಯಲ್ಲಿ, ನಿಂತಲ್ಲಿಂದ ಹೊರಟು ಒಂದು ಮೈಲಿ ಓಟ. ಸೋತವರು ಗೆದ್ದವರ ತಲೆಗೆ ಎಲ್ಲರೆದುರು ತಮ್ಮ ಕೈಯಿಂದಲೇ ರೇಷ್ಮೆ ರುಮಾಲು ಸುತ್ತಬೇಕು.

ಪಾಟೀಲರು ಗಾಡಿ ತಂದು ನಿಲ್ಲಿಸಿ, "ಹೆಡ್ ತಾಸ್ರಿ ಮೇಸ್ತ್ರಿ. ಉದಗೀರದಾಂವ ತಾಸಿಸ್ಯಾನ," ಎಂದರು.

ಎಂಜಿನ್ನಿನ ಮೇಲ್ಮುಚ್ಚಳವೇ ಹೆಡ್. ಅದರ ಅಡಿಯನ್ನು ತುಸು ತಾಸಿದರೆ, ಅಂದರೆ ಹೆರೆದು ತೆಳುವಾಗಿಸಿದರೆ, ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಹೆಚ್ಚಿ ಬಲ ಬರುತ್ತದೆ. ಆದರೆ ಆಗ ನಮಗೆ ಸಿಗುತ್ತಿದ್ದ ಪೆಟ್ರೋಲು ಕಳಪೆ. ಒತ್ತಡ ಹೆಚ್ಚಿದರೆ ಅದು ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ ಸುಟ್ಟುಬಿಡುತ್ತಿತ್ತು. ನಾನು ಒಪ್ಪಲಿಲ್ಲ.

"ಗಾಡಿ ನಂದು!" ಪಾಟೀಲರು ದನಿ ಏರಿಸಿದರು.

"ನಿಮ್ದೇ ರೀ. ಆದ್ರ ನಿಮ್ಮೂರಿಂದ ಹೆರಿಗಿಗಿ ಹೆಣ್ಮಕ್ಕಳನ್ನ ದವಾಖಾನಿಗಿ ತರೋದು ಇದೊಂದೇ ಗಾಡಿ. ಪಿಸ್ಟನ್ ಸುಟ್ರ ಅವ್ರನ್ನ ಯಾರು ತರ್ತಾರ?"

ಅವರು ಗಾಡಿ ಹತ್ತಿ ಹೊರಟುಹೋದರು. ಒಳ್ಳೆಯ ಗಿರಾಕಿ ಕೈತಪ್ಪಿಹೋದನೆಂದು ಗ್ಯಾರೇಜಿನ ಮಾಲೀಕರು ನನ್ನ ಮೇಲೆ ಸಿಡುಕಿದರು.

ಮರುದಿನ ಮಧ್ಯಾಹ್ನ ಅದೇ ಗಾಡಿ ಮತ್ತೆ ಬಂತು. ಪಾಟೀಲರು ಇಳಿದು ಬಂದು ನನ್ನ ಎದುರೇ ಕುಳಿತರು.

"ನಿಲಂಗಾಕ್ಕ ಹೋಗಿದ್ದೆ. ಅಲ್ಲಿ ಮೇಸ್ತ್ರಿ ತಾಸ್ತೀನಿ ಅಂದ. ಯಾಕ, ಏನು, ಒಂದೂ ಮಾತು ಕೇಳ್ಲಿಲ್ಲ ಅಂವಾ. ನನಗ ಅಂಜಿಕಿ ಬಂತು."

ಆಗ ನನಗೂ ಹೊಳೆಯಿತು, ಯಾಕೆಂದು ನಾನೂ ಕೇಳಿರಲಿಲ್ಲ. ಕೇಳಿದೆ. ಮೈಲಿಯ ಕೊನೆಗೆ ಏರು ಇದೆ, ಅಲ್ಲಿ ಬಲ ಸಾಲದು ಎಂಬುದು ಅವರ ಚಿಂತೆ. ನಾನು ಆ ರಸ್ತೆಯನ್ನು ನೋಡಿಯೇ ಇರಲಿಲ್ಲ. ಹಿಂದಿನ ಸೀಟು, ಹುಡ್, ಮಡ್‌ಗಾರ್ಡುಗಳನ್ನು ಬಿಚ್ಚಿ ಭಾರ ಇಳಿಸಿದೆ. ವಾಲ್ವುಗಳನ್ನು ಉಜ್ಜಿ ಕೂರಿಸಿ, ಕಾರ್ಬುರೇಟರ್ ಸರಿಮಾಡಿದೆ. ಏರು ಬರುವ ಮೊದಲೇ ಗೇರ್ ಇಳಿಸುವುದನ್ನು ಪಾಟೀಲರಿಗೆ ಉಮರ್ಗಾದ ಹೊರಗಿನ ದಿಬ್ಬದ ಮೇಲೆ ರೂಢಿ ಮಾಡಿಸಿದೆ. ಹೆಡ್ ಮುಟ್ಟಲಿಲ್ಲ.

ಓಟದ ದಿನ ಬಾವುಟ ಬೀಳುತ್ತಲೇ ಮಾಧವರಾಯರ ಕಾರು ಮುಂದೆ ಜಿಗಿಯಿತು. ಏರಿನಲ್ಲಿ ನಮ್ಮ ಗಾಡಿ ಅದರ ಹಿಂಚಕ್ರದ ಸಮಕ್ಕೆ ಬಂತು, ಆದರೆ ಅಷ್ಟರಲ್ಲಿ ಮೈಲಿ ಮುಗಿದಿತ್ತು. ನಾವು ಸೋತೆವು. ಇಳಿದು ಬಂದ ಪಾಟೀಲರು ನನ್ನನ್ನು ದುರುಗುಟ್ಟಿ ನೋಡಿದರು. ಆದರೂ ಮಾತಿನಂತೆ ಅವರು ಮಾಧವರಾಯರ ತಲೆಗೆ ರುಮಾಲು ಸುತ್ತಿದರು.

ಗೆದ್ದವರು ಹೆಮ್ಮೆಯಿಂದ ತಮ್ಮ ಕಾರು ಹತ್ತಿದರು. ಅದು ಕೆಮ್ಮಿತು, ನೀಲಿ ಹೊಗೆ ಕಾರಿತು, ಸುಮ್ಮನಾಯಿತು. ಹೆಡ್ ತಾಸಿಸಿದ್ದಕ್ಕೆ ಪಿಸ್ಟನ್ ಸುಟ್ಟಿತ್ತು.

"ಪಾಟೀಲ ಸಾಹೇಬ್ರ," ಮಾಧವರಾಯರು ಮೆಲ್ಲಗೆ ಕೇಳಿದರು, "ನಿಮ್ಮ ಹತ್ರ ಹಗ್ಗ ಅದಾ ಏನ್ರಿ?"

ಪಾಟೀಲರು ಹೊಟ್ಟೆ ಹಿಡಿದು ನಕ್ಕರು. ನಮ್ಮ ಗಾಡಿ ಗೆದ್ದ ಕಾರನ್ನು ಉದಗೀರದ ಬಜಾರಿನ ನಡುವೆ ಎಳೆದೊಯ್ದಿತು. ನಾವೇ ಗೆದ್ದೆವೆಂದುಕೊಂಡು ಜನ ಜೈಕಾರ ಹಾಕಿದರು. ಪಾಟೀಲರು ತಿದ್ದಲು ಹೋಗಲಿಲ್ಲ. ಹಿಂದಿನಿಂದ ಮಾಧವರಾಯರು, "ಗೆದ್ದಾಂವ ನಾ ಇದ್ದೀನ್ರೋ!" ಎಂದು ಕೂಗುತ್ತಲೇ ಇದ್ದರು.

ಆಮೇಲಿನ ನನ್ನ ದುಡಿಮೆಯ ವರ್ಷಗಳಲ್ಲಿ ಗಾಡಿ ಮಾಲೀಕರೊಡನೆ ಜಗಳಗಳೇನೂ ಕಡಿಮೆಯಾಗಲಿಲ್ಲ. ಆದರೆ ಆಗುವುದಿಲ್ಲ ಎನ್ನುವ ಮೊದಲು ಯಾಕೆ ಬೇಕು ಎಂದು ಕೇಳುವುದನ್ನು ಕಲಿತೆ. ಎಷ್ಟೋ ಸಲ ಅವರಿಗೆ ಬೇಕಾದುದನ್ನು ಕೊಡಲು ನನಗೆ ಬೇರೆ ದಾರಿ ಗೊತ್ತಿರುತ್ತಿತ್ತು.