ಗುರಪ್ಪನ ಗುಳಿಗೆ, ಅಜ್ಜನ ರಕ್ತ

ಕಳೆದ ಸೋಮವಾರ ಬಬಲೇಶ್ವರದಲ್ಲಿ ನನ್ನ ಚಿಕ್ಕಪ್ಪನ ಮಗ ಗುರಪ್ಪನನ್ನು ಮಣ್ಣು ಮಾಡಿ ಬಂದೆವು. ಲಾರಿ ಡ್ರೈವರ್. ಮೂವತ್ತೂ ತುಂಬಿರಲಿಲ್ಲ. ಲಾರಿ ಉರುಳಿ ಸತ್ತನೇ? ಅಲ್ಲ. ನಿದ್ದೆಯಿಲ್ಲದೆ ಸತ್ತ. ಹಾಡಹಗಲೇ ಮನೆಯ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿದ.

ಎಲ್ಲೂ ನಿಲ್ಲದೆ ಮುಂಬಯಿಗೆ ಉಳ್ಳಾಗಡ್ಡಿ ಮುಟ್ಟಿಸಬೇಕಾದವರಿಗೆ ನಿದ್ದೆಯೇ ವೈರಿ. ಅದನ್ನು ಓಡಿಸಲು ಒಂದು ಬಿಳಿ ಗುಳಿಗೆ. (ಪರೀಕ್ಷೆಗೆ ಓದುವ ಕಾಲೇಜು ಹುಡುಗರೂ ಅದನ್ನೇ ನುಂಗುತ್ತಾರೆ.) ಗುರಪ್ಪ ಊಟ ಬಿಟ್ಟ, ಕೊನೆಗೆ ಸ್ಟೇರಿಂಗೂ ಬಿಟ್ಟ. ಗುಳಿಗೆ ಮಾತ್ರ ಬಿಡಲಿಲ್ಲ. "ಯಾರೋ ಬೆನ್ನ ಹತ್ಯಾರ" ಎಂದು ಬಾಗಿಲಿಗೆ ಅಗಳಿ ಹಾಕಿಕೊಂಡು ಕೂರುತ್ತಿದ್ದ.

ಅವನ ಜೋಡಿ ಡ್ರೈವರ್, ತಿಕೋಟಾದ ಹುಸೇನಸಾಬ್, ಮಣ್ಣಿಗೆ ಬಂದಿದ್ದ.

"ನಾನೂ ನುಂಗೀನ್ರಿ" ಎಂದ. "ಒಂದ ಸೀಸನ್. ಎದಿ ಡವಡವ ಅಂತು, ಬಿಟ್ಟಬಿಟ್ಟೆ. ಗುರಪ್ಪಗ ಭಾಳ ಹೇಳಿದೆ. ಬಿಡಬೇಕಂತ ಅಂವನೂ ಅಳತಿದ್ದ. ಆಗಲಿಲ್ರಿ."

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಅವರಜ್ಜನ ರಕ್ತ ತಮ್ಮಾ, ಏನ ಮಾಡಾಕ ಬರತೈತಿ?" ಎಂದರು.

ನಮ್ಮಜ್ಜ ಮುಂಬಯಿಯ ಗಿರಣಿಗೆ ದುಡಿಯಲು ಹೋಗಿದ್ದನಂತೆ. ಎಲೆಯಡಿಕೆಯಲ್ಲಿ ಕೊಕೇನ್ ಹಾಕಿಕೊಳ್ಳುವುದನ್ನು ಅಲ್ಲಿ ಕಲಿತು, ಅದರಲ್ಲೇ ತೀರಿಕೊಂಡನಂತೆ.

ಗುರಪ್ಪನ ಹೆಂಡತಿ ಕಾಶವ್ವ ತುಂಬು ಬಸುರಿ. ಈ ಮಾತು ಅವಳ ಕಿವಿಗೂ ಬಿತ್ತು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ಭಾವಾರ, ಹಂಗಾದ್ರ ಇದಕ್ಕೂ ಬರತೈತೇನ್ರಿ?"

ಡಾಕ್ಟರರನ್ನು ಕೇಳಿ ಬಂದು ಹೇಳುತ್ತೇನೆ ಎಂದೆ.

ಮರುದಿನ ವಿಜಾಪುರಕ್ಕೆ ಮರಳಿದವನೇ ಇಬ್ರಾಹಿಂಪುರದ ನಮ್ಮ ಡಾಕ್ಟರರ ಬಳಿ ಹೋದೆ. ಕಾಶವ್ವನ ಪ್ರಶ್ನೆಯನ್ನು ಅವರ ಮುಂದಿಟ್ಟೆ.

"ಒಂದೊಂದು ಮನಿತನದಾಗ ಹರದ ಬರತಿರಬಹುದು. ಆದ್ರ ಬರೂದು ಚಟ ಅಲ್ರಿ, ಅದಕ್ಕ ಬೇಗ ಸಿಗಬೀಳೂ ಗುಣ. ಗುಳಿಗಿ ಬಾಯಿಗೆ ಹೋಗದಿದ್ರ ಅದು ಗೊತ್ತಾಗೂದ ಇಲ್ಲ. ನಿಮ್ಮ ಮೈಯಾಗೂ ಅದ ಅಜ್ಜನ ರಕ್ತ ಐತಲ್ಲ?"

ಇಷ್ಟು ದಿನ ನನ್ನನ್ನು ಉಳಿಸಿದ್ದು ನನ್ನ ಒಳ್ಳೆಯ ನಡತೆಯೇ? ಅಲ್ಲ, ಗುಮಾಸ್ತನ ನೌಕರಿ. ಸಂಜೆಗೆ ಆಫೀಸು ಮುಚ್ಚುತ್ತದೆ, ನಾನು ಮನೆಗೆ ಬಂದು ಮಲಗುತ್ತೇನೆ. ಗುರಪ್ಪನಿಗೆ ಯಾರು ಮಲಗು ಅಂದರು?

ನಿನ್ನೆ ಮತ್ತೆ ಬಬಲೇಶ್ವರಕ್ಕೆ ಹೋಗಿ ಕಾಶವ್ವನಿಗೆ ಎಲ್ಲ ತಿಳಿಸಿ ಹೇಳಿದೆ. ಅವಳು ಅಳಲಿಲ್ಲ.

"ಹಂಗಾದ್ರ ಅವರ ತಪ್ಪಲ್ಲಲ್ರಿ?" ಎಂದು ಮಾತ್ರ ಕೇಳಿದಳು. ಅಲ್ಲ ಎಂದೆ. ಆಗ ಅತ್ತಳು.

ಊರಿನವರು ಈಗಲೂ ರಕ್ತವನ್ನೇ ಬೈಯುತ್ತಿದ್ದಾರೆ. ಬೈಯಲಿ. ಆದರೆ ಎರಡು ದಿನದ ದಾರಿಯನ್ನು ಒಂದೇ ಓಟಕ್ಕೆ ಮುಗಿಸು ಎಂದು ಡ್ರೈವರನಿಗೆ ಹೇಳುವ ನಮ್ಮ ಅವಸರ, ಅದು ಯಾವ ಅಜ್ಜನಿಂದ ಬಂತು?