ಒಂದಾಣೆಯ ಪೇರಂಟಾಲಮ್ಮ

ತನ್ನ ಸಾವಿನ ಸುದ್ದಿಯನ್ನು ತಾನೇ ಕೇಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಗಂಗಾದೇವಿಗೆ ಬಂತು. ಅದೂ ಹಿಂದೂಪುರದ ಸಂತೆಯಲ್ಲಿ, ಹುಣಸೆಹಣ್ಣಿಗೆ ಚೌಕಾಸಿ ಮಾಡುತ್ತ ನಿಂತಿದ್ದಾಗ, ರಾಗವಾಗಿ.

ಅದು ಐವತ್ತೆಂಟರ ಮಾತು. ಪದ ಮಾರುವ ಮುನೆಪ್ಪ ಕಂಜಿರ ಬಡಿಯುತ್ತ ಹಾಡುತ್ತಿದ್ದ. ಸೀಮೆಯಲ್ಲಿ ಕೊಲೆಯಾಗಲಿ, ಕೆರೆ ಒಡೆಯಲಿ, ವಾರ ಕಳೆಯುವುದರೊಳಗೆ ಅದು ಅವನ ಬಾಯಲ್ಲಿ ಪದವಾಗಿ, ಅಚ್ಚುಕೂಟದಲ್ಲಿ ನಾಲ್ಕು ಪುಟದ ಪುಸ್ತಕವಾಗಿ ಒಂದಾಣೆಗೆ ಸಿಗುತ್ತಿತ್ತು. ಈ ಸಲದ್ದು ಕುಂದುರ್ಪಿಯ ನೇಕಾರ ಕೇಶವಯ್ಯನ ಹೆಂಡತಿಯ ಕಥೆ.

ಗಂಡನ ಜ್ವರವ ನನಗೆ ಕೊಡು ತಾಯೇ ಎಂದಳು,
ಗಂಗಾದೇವಿ ನಗುತ ಬಾವಿಗಿಳಿದಳು

ಎಂದು ಮುನೆಪ್ಪ ಎಳೆದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಗಾದೇವಿ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು.

ಕೇಶವಯ್ಯನಿಗೆ ಜ್ವರ ಬಂದದ್ದೇನೋ ನಿಜ. ಜ್ವರದಲ್ಲೂ ಅವನ ಕೈ ಸುಮ್ಮನಿರಲಿಲ್ಲ ಎಂಬುದು ಮಾತ್ರ ಪದದಲ್ಲಿರಲಿಲ್ಲ. ಗಂಜಿ ಸುಟ್ಟಿತೆಂದು ಅವನು ಚೊಂಬು ಬೀಸಿ ಅವಳ ಹಣೆ ಒಡೆದ ಮರುದಿನ, ನೀರಿಗೆ ಹೋದವಳು ಬಿಂದಿಗೆಯನ್ನು ಬಾವಿಕಟ್ಟೆಯ ಮೇಲಿಟ್ಟು ಬಸ್ಸು ಹತ್ತಿದ್ದಳು. ಕಲ್ಯಾಣದುರ್ಗದಲ್ಲಿ ಇಳಿದರೂ ತವರಿನ ಬೀದಿಯತ್ತ ತಿರುಗಲಿಲ್ಲ. ಹಿಂದೆ ಎರಡು ಸಲ ಓಡಿ ಬಂದಾಗ ಅಪ್ಪ ಶಂಕರಯ್ಯ ಅದೇ ದಿನ ಗಂಡನ ಮನೆಗೆ ಬಿಟ್ಟು ಬಂದಿದ್ದ. ಹಾಗಾಗಿ ಹಿಂದೂಪುರಕ್ಕೆ ಬಂದು, ರಂಗಲಕ್ಷ್ಮಮ್ಮನೆಂಬ ವಿಧವೆಯ ಮನೆಯಲ್ಲಿ ನೂಲು ಸುತ್ತುವ ಕೂಲಿಗೆ ಸೇರಿ ತಿಂಗಳಾಗಿತ್ತು.

ಇತ್ತ ಕುಂದುರ್ಪಿಯಲ್ಲಿ ಬಾವಿ ಜಾಲಾಡಿದರೂ ಹೆಣ ಸಿಗಲಿಲ್ಲ. ಗಂಡನ ಜ್ವರ ಇಳಿಯಿತು. ಊರಿಗೆ ಅಷ್ಟು ಸಾಕಾಯಿತು. ಹೆಂಡತಿ ಓಡಿಹೋದಳು ಎನ್ನಿಸಿಕೊಳ್ಳುವುದಕ್ಕಿಂತ ತನಗಾಗಿ ಪ್ರಾಣ ಬಿಟ್ಟಳು ಎನ್ನಿಸಿಕೊಳ್ಳುವುದು ಯಾವ ಗಂಡಸಿಗೆ ಬೇಡ?

ಜನ ಚೆದುರಿದ ಮೇಲೆ ಅವಳು ಮುನೆಪ್ಪನ ಎದುರು ನಿಂತಳು. ಪುಸ್ತಕದ ಮೇಲೆ ಕಿರೀಟ ತೊಟ್ಟ ರಾಣಿಯೊಬ್ಬಳ ಚಿತ್ರವಿತ್ತು. ಅಚ್ಚುಕೂಟದವರ ಬಳಿ ಇದ್ದದ್ದು ನಾಟಕದ ನೋಟೀಸಿಗೆಂದು ಮಾಡಿಸಿದ ಆ ಒಂದೇ ಹೆಂಗಸಿನ ಚಿತ್ರದಚ್ಚು.

"ಹೆಣ ನೋಡ್ದೆಲೆ ಹೆಂಗಣ್ಣಾ ಪದ ಕಟ್ಟಿದೆ?"

"ನೋಡೋದೇನೈತಮ್ಮ, ಬಸ್ನಾಗೆ ಎಲ್ಲಾರೂ ಅದೇ ಮಾತಾಡ್ತಿದ್ರು."

"ಆ ಗಂಗಾದೇವಿ ನಾನೇ ಕಣಣ್ಣ."

ಮುನೆಪ್ಪ ನಕ್ಕ. ಅವಳು ಸೆರಗು ಸರಿಸಿ ಹಣೆಯ ಗಾಯ ತೋರಿಸಿದಾಗ ನಗು ನಿಂತಿತು. "ಬಾವಿತಾವ ಕಲ್ಲು ನಿಲ್ಸವ್ರೆ ಕಣಮ್ಮ. ಪೇರಂಟಾಲಮ್ಮ ಅಂತ ಪೂಜೆ ನಡೀತೈತೆ. ನಿಮ್ಮವ್ವನೇ ಪುಸ್ತಕ ತಗಂಡು ಬೀದಿಗೆಲ್ಲಾ ಹಂಚವ್ಳೆ" ಎಂದ. ಗಂಡನಿಗಾಗಿ ಪ್ರಾಣ ಕೊಟ್ಟ ಮುತ್ತೈದೆಯನ್ನು ಆ ಸೀಮೆಯಲ್ಲಿ ಆ ಹೆಸರಿನಿಂದ ಪೂಜಿಸುತ್ತಾರೆ.

ಅವ್ವ ತನಗಾಗಿ ಅಳುತ್ತಿರಬೇಕು ಎಂಬುದೊಂದೇ ಅವಳ ತಲೆಯಲ್ಲಿ ಉಳಿಯಿತು. ಲೋಕಕ್ಕೆ ಸತ್ತರೆ ಸಾಯಲಿ, ಹೆತ್ತವಳಿಗಾದರೂ ತಾನು ಬದುಕಿರುವುದು ತಿಳಿಯಬೇಕು. ಮಾರನೆಯ ದಿನವೇ ಕಲ್ಯಾಣದುರ್ಗದ ಬಸ್ಸು ಹಿಡಿದಳು.

ಹಿತ್ತಿಲ ಬಾಗಿಲಲ್ಲಿ ಮಗಳನ್ನು ಕಂಡ ಬನಶಂಕರಮ್ಮ "ಅಯ್ಯೋ ದೇವುಡಾ" ಎಂದು ಬಾಯಿ ಮುಚ್ಚಿಕೊಂಡಳು. ಮೈಯೆಲ್ಲ ಸವರಿ ನೋಡಿ, ಒಳಗೆಳೆದುಕೊಂಡು ಅಗುಳಿ ಹಾಕಿದಳು. ಬಿಸಿ ಮುದ್ದೆ ಮುರಿದು ತಾನೇ ಬಾಯಿಗಿಟ್ಟಳು. ತುತ್ತು ನುಂಗುತ್ತ ಗಂಗಾದೇವಿ ಮಗುವಿನಂತೆ ಅತ್ತಳು. ಎಷ್ಟೋ ದಿನದ ಮೇಲೆ ಅವಳಿಗೆ ಹೊಟ್ಟೆ ತುಂಬಿತ್ತು.

ಆಮೇಲೆ ದೇವರ ಗೂಡಿನತ್ತ ಕಣ್ಣು ಹೋಯಿತು. ಅಲ್ಲಿಟ್ಟಿದ್ದ ಪದದ ಪುಸ್ತಕದ ಮೇಲೆ ಕಿರೀಟದ ರಾಣಿಗೆ ಕುಂಕುಮ ಹಚ್ಚಿದ್ದರು.

"ಆದಿಲಕ್ಷ್ಮಿಗೆ ಗೋರಂಟ್ಲದಿಂದ ಸಂಬಂಧ ಬಂದೈತೆ" ಎಂದಳು ತಾಯಿ, ಪಿಸುದನಿಯಲ್ಲಿ. "ಪೇರಂಟಾಲಮ್ಮನ ತಂಗಿ ಅಂತ ತಾವಾಗೇ ಕೇಳ್ಕಂಡು ಬಂದವ್ರೆ. ನೀನು ಗಂಡನ್ನ ಬಿಟ್ಟು ಬಂದ್ಬುಟ್ಟೆ ಅಂತ ಗೊತ್ತಾದ್ರೆ ನಿನ್ ತಂಗಿ ಗತಿ ಏನೇ?"

"ನನ್ ಹಣೆ ನೋಡವ್ವ."

ತಾಯಿ ಆ ಗಾಯದ ಮೇಲೆ ಬೆರಳಾಡಿಸಿದಳು. "ನಂಗೆ ಗೊತ್ತಿತ್ತು ಕಣೆ. ಹಿಂದೆ ಬಂದಾಗ್ಲೂ ಗೊತ್ತಿತ್ತು."

ಆ ಮಾತು ಚೊಂಬಿನ ಪೆಟ್ಟಿಗಿಂತ ಜೋರಾಗಿ ತಗುಲಿತು. ನಡುಮನೆಯಲ್ಲಿ ಅಪ್ಪನ ಮಗ್ಗ ಸದ್ದು ಮಾಡುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಪೇರಂಟಾಲಮ್ಮ, ಕಲ್ಲು, ಪದ ಎಲ್ಲ ಅಲ್ಲಿಗೇ ಮುಗಿಯುತ್ತಿದ್ದವು. ಗಂಗಾದೇವಿ "ಅಪ್ಪಾ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬನಶಂಕರಮ್ಮ ಮಗಳ ಕಾಲಿಗೆ ಬಿದ್ದು, ಎರಡೂ ಕೈಯಿಂದ ಪಾದ ಹಿಡಿದುಕೊಂಡಳು.

ಹೆತ್ತವಳಿಂದ ಕಾಲು ಹಿಡಿಸಿಕೊಂಡ ಮೇಲೆ ಇನ್ನೇನು ಉಳಿಯಿತು? ಗಂಗಾದೇವಿ ಅವಳನ್ನು ಎಬ್ಬಿಸಿ, ಬಂದ ಬಾಗಿಲಲ್ಲೇ ಹೊರಟಳು. ಅಂದಿನಿಂದ ಹಿಂದೂಪುರದಲ್ಲಿ ಯಾರು ಹೆಸರು ಕೇಳಿದರೂ ಪಾಪಕ್ಕ ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಮುನೆಪ್ಪ ರಂಗಲಕ್ಷ್ಮಮ್ಮನ ಮನೆ ಹುಡುಕಿಕೊಂಡು ಬಂದ. ಅಚ್ಚುಕೂಟದಲ್ಲಿ ಕಣ್ಣಿಗೆ ಬಿತ್ತೆಂದು ಅರಿಸಿನ ಬಣ್ಣದ ಕಾಗದವೊಂದನ್ನು ತಲೆ ತಗ್ಗಿಸಿಕೊಂಡೇ ಅವಳ ಕೈಗಿಟ್ಟ. ಆದಿಲಕ್ಷ್ಮಿಯ ಲಗ್ನಪತ್ರಿಕೆ. ನೆತ್ತಿಯ ಮೇಲೆ, ಗಣಪತಿಯ ಹೆಸರು ಬರಬೇಕಾದಲ್ಲಿ, ದಪ್ಪ ಅಕ್ಷರದಲ್ಲಿ 'ಶ್ರೀ ಪೇರಂಟಾಲಮ್ಮ ಗಂಗಾದೇವಿ ಪ್ರಸನ್ನ' ಎಂದಿತ್ತು.

ಅವಳು ಅದನ್ನು ಓದಿ, ಮಡಿಸಿ ಅವನಿಗೇ ಹಿಂದಿರುಗಿಸಿದಳು.

"ತಂಗಿ ಚೆನ್ನಾಗಿರ್ಲಿ ಬಿಡಣ್ಣ" ಎಂದಳು.